ಕೋರ್ಟು ಏಳುವ ತನಕ

ಕೋರ್ಟಿನ ಒಳಗೆ ಕಾಲಿಡುವಾಗ ಚಪ್ಪಲಿ ಬಿಡಬೇಕೋ ಬೇಡವೋ ವೈಜನಾಥನಿಗೆ ತಿಳಿಯಲಿಲ್ಲ. ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿಗಳಿದ್ದವು. ಬಿಟ್ಟವರು ಹೆದರಿಕೆಯಿಂದ ಬಿಟ್ಟಿದ್ದರೋ, ಪಟ್ಟಿ ಕಿತ್ತುಹೋಗಿದ್ದಕ್ಕೆ ಬಿಟ್ಟಿದ್ದರೋ ಹೇಳುವುದು ಕಷ್ಟ. ಅವನು ಒಂದು ಕಾಲಿನದನ್ನು ಬಿಟ್ಟ. ಅಷ್ಟರಲ್ಲಿ ಬೂಟು ಹಾಕಿದ ಪೊಲೀಸಿನವನೊಬ್ಬ ಸೀದಾ ಒಳಗೆ ಹೋದದ್ದನ್ನು ನೋಡಿ ಮತ್ತೆ ಹಾಕಿಕೊಂಡ. ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದರೆ ಯಾರಿಗೂ ಅವನ ಗೊಡವೆ ಇರಲಿಲ್ಲ. ಅರವತ್ತರ ಹೊಸ್ತಿಲಿಗೆ ಬಂದರೂ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ನೆಂಟರ ಮನೆಯ ಆಸ್ತಿ ಜಗಳದ ಸುದ್ದಿ ಬಂದಾಗೆಲ್ಲ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಈಗ ನೋಡಿದರೆ ಇನ್ನೂ ನೆಂಟನೂ ಆಗಿರದ ಒಬ್ಬ ಹುಡುಗನ ಸಲುವಾಗಿ ಆ ಹೆಮ್ಮೆ ಹೋಗಿತ್ತು. ಹೆಂಡತಿ ಶಿವದೇವಿಗೆ ಗೊತ್ತಿತ್ತು, ಕಳಿಸಿದವಳೇ ಅವಳು. ಮಗಳು ರಶ್ಮಿಗೆ ಮಾತ್ರ ಪಿಂಚಣಿ ದಫ್ತರಕ್ಕೆ ಹೋಗುತ್ತೇನೆಂದು ಹೇಳಿ, ಕುಷಾಯಿಗೂಡದಿಂದ ಎರಡು ಬಸ್ಸು ಬದಲಿಸಿ ತೆಲುಗು ಸೀಮೆಯ ಆ ಮಹಾನಗರದ ಈ ತುದಿಗೆ ಬಂದಿದ್ದ.

ಹುಡುಗನ ಹೆಸರು ರಾಹುಲ. ಹುಮನಾಬಾದದವನು, ಕೊಂಡಾಪುರದ ಒಂದು ಕಂಪನಿಯಲ್ಲಿ ಕೆಲಸ. ಬರುವ ಐತವಾರ ಅವನಿಗೂ ರಶ್ಮಿಗೂ ಸಕ್ಕರೆ ತಿನ್ನಿಸುವ ಶಾಸ್ತ್ರ. ಬಾಯಲ್ಲಿ ಸಕ್ಕರೆ ಬಿತ್ತೆಂದರೆ ಮುಗಿಯಿತು, ಅವರ ಮಂದಿಯಲ್ಲಿ ಆ ಮೇಲೆ ಮಾತು ತಿರುಗಿಸುವ ರೂಢಿಯಿಲ್ಲ. ಅಂಥದ್ದರಲ್ಲಿ ನಿನ್ನೆ ಮೆಹದಿಪಟ್ಟಣಂನ ಸೋಮಣ್ಣ ಫೋನು ಮಾಡಿದ್ದ. ಬಟ್ಟೆ ಅಂಗಡಿಯವನು, ಅರಿವೆಯಷ್ಟೇ ಸುಲಭವಾಗಿ ಸಂಬಂಧಗಳನ್ನೂ ಬಿಚ್ಚಿ ತೋರಿಸುವವನು, ಈ ಸಂಬಂಧ ತಂದವನೂ ಅವನೇ. "ಹುಡುಗ ಛಲೋ ಇದ್ದಾನ್ರಿ, ಅದರಾಗ ಎರಡು ಮಾತಿಲ್ಲ. ಆದ್ರ ಕುಡಿದು ಗಾಡಿ ಹೊಡಿಯುವಾಗ ಪೊಲೀಸರ ಕೈಗೆ ಸಿಕ್ಕಿದ್ದನಂತ. ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ನಾ ಹೇಳೀನಿ ಅಂತ ಮಾತ್ರ ಎಲ್ಲೂ ಹೇಳಬ್ಯಾಡ್ರಿ," ಎಂದು ಇಟ್ಟುಬಿಟ್ಟ. ಶಿವದೇವಿ ಒಲೆಯ ಮುಂದಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಈ ಸಲ ಮಂದೀನ ಕೇಳಬ್ಯಾಡ್ರಿ," ಎಂದಳು. "ನೀಲಾನ ಹೊತ್ತಿನಾಗ ಮಂದೀನ ಕೇಳಿದ್ದು ಸಾಕಾಗೇತಿ. ಕೋರ್ಟಿನಾಗ ಕಾಗದ ಇರತಾವಂತಲ್ಲ, ಅವನ್ನ ನೋಡಿ ಬರ್ರಿ." ರೊಟ್ಟಿ ಬಡಿಯುವ ಸಪ್ಪಳ ಅಂದು ಸ್ವಲ್ಪ ಜೋರಾಗಿತ್ತು.

ನೀಲಾ ದೊಡ್ಡ ಮಗಳು. ಅವಳ ಹೊತ್ತಿನಲ್ಲಿ ವೈಜನಾಥ ಮಾಡಿದ ವಿಚಾರಣೆಯನ್ನು ಓಣಿಯವರು ಇಂದಿಗೂ ನೆನೆಯುತ್ತಾರೆ. ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಜೀವ ಸವೆಸಿದವನು. ಕೈಗೆ ಬಂದ ಯಾವ ಸಾಮಾನನ್ನೂ ತಿರುವಿ ನೋಡದೆ ಮುಂದಕ್ಕೆ ಬಿಟ್ಟವನಲ್ಲ. ಲಾತೂರಿಗೆ ಹೋಗಿ ಅವಳಿಗೆ ನೋಡಿದ್ದ ಹುಡುಗನ ಆಫೀಸಿನ ಜವಾನನಿಂದ ಹಿಡಿದು ಹಾಲಿನವನವರೆಗೆ ಎಲ್ಲರನ್ನೂ ಕೇಳಿದ್ದ. ಕುಡಿಯುವುದಿಲ್ಲ, ಬೀಡಿಯಿಲ್ಲ, ಎಲೆಯಡಿಕೆಯಿಲ್ಲ, ಹೊರಗೆ ಚಹಾ ಕೂಡ ಕುಡಿಯುವುದಿಲ್ಲ ಎಂದು ಎಲ್ಲರೂ ಒಂದೇ ಮಾತು ಹೇಳಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಅದೇ ತೊಂದರೆ. ಆ ಮನುಷ್ಯ ಇಂದಿಗೂ ಹೊರಗೆ ಚಹಾ ಕುಡಿಯುವುದಿಲ್ಲ. ಪಂಚಮಿಗೆ ತವರಿಗೆ ಬಂದ ನೀಲಾ ಗಂಡನ ಫೋನು ರಿಂಗಾದೊಡನೆ ತಾಟಿನ ಮುಂದಿನಿಂದ ಎದ್ದು ಓಡುತ್ತಾಳೆ, ಪೇಟೆಗೆ ಹೋಗಿಬಂದರೆ ಕೊತ್ತಂಬರಿಗೆ ಕೊಟ್ಟದ್ದನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ ನೆನಪಿಟ್ಟುಕೊಳ್ಳುತ್ತಾಳೆ. ಒಮ್ಮೆ ಅವಳು ಅಡುಗೆಮನೆಯ ಮೂಲೆಯಲ್ಲಿ ನಿಂತು, ಗೋಡೆಯ ಕಡೆ ಮುಖ ಮಾಡಿ, "ಇನ್ನೊಮ್ಮೆ ಹಂಗ ಮಾಡಂಗಿಲ್ರಿ, ಇನ್ನೊಮ್ಮೆ ಮಾಡಂಗಿಲ್ಲ" ಎಂದು ಫೋನಿನಲ್ಲಿ ಹೇಳುತ್ತಿದ್ದುದನ್ನು ವೈಜನಾಥ ಕೇಳಿದ್ದ. ಏನು ಮಾಡಿದ್ದಳೋ ಕೇಳಲಿಲ್ಲ. ಹಾಲು ತರುತ್ತೇನೆಂದು ಹೊರಗೆ ನಡೆದಿದ್ದ, ಮನೆಯಲ್ಲಿ ಹಾಲು ಇತ್ತು.

ಇಲ್ಲಿ ಬಾಗಿಲಿಗೆ ಅಂಟಿಸಿದ್ದ ಹಾಳೆಗಳಲ್ಲಿ ಹೆಸರುಗಳು ಮಸಿ ಹರಡಿಕೊಂಡು ಇರುವೆ ಸಾಲಿನಂತೆ ಕಾಣುತ್ತಿದ್ದವು. ಕನ್ನಡಕ ಏರಿಸಿ ಇಳಿಸಿ ನೋಡುತ್ತ, "ಇದರಾಗ ಏನು ಹುಡುಕಬೇಕೋ ಏನೋ" ಎಂದು ತನಗೇ ಹೇಳಿಕೊಂಡ. ಬೆನ್ನ ಹಿಂದಿನಿಂದ, "ಏನು ಹುಡುಕಾಕತ್ತೀರಿ ಅಣ್ಣಾರ?" ಎಂದು ಕನ್ನಡದಲ್ಲೇ ಪ್ರಶ್ನೆ ಬಂತು. ಕರಿಕೋಟಿನ ವಕೀಲ, ಹೆಸರು ಭೀಮಾಶಂಕರ, ಕಲಬುರಗಿ ಕಡೆಯವನು. ಈ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ಸಮಾಧಾನವಾಗುವುದು ನಿಜ; ಆದರೆ ವೈಜನಾಥನಿಗೆ ಆ ಹೊತ್ತು ಬೇಡವಾಗಿತ್ತು. ತೆಲುಗಿನವನಾಗಿದ್ದರೆ ಸುದ್ದಿ ಊರು ಮುಟ್ಟುತ್ತಿರಲಿಲ್ಲ. "ಪರಿಚಯದವರದೊಂದು ಕೇಸು," ಎಂದ, "ಕುಡಿದು ಗಾಡಿ ಹೊಡಿದಿದ್ದು. ಹಳೇದಿರಬೇಕು. ಅಂಥಾದಕ್ಕ ಶಿಕ್ಷಾ ಏನಿರತೈತ್ರಿ?"

ಭೀಮಾಶಂಕರ ಅವನನ್ನು ಬೇವಿನ ಮರದ ಕೆಳಗಿನ ತನ್ನ ಮೇಜಿಗೆ ಕರೆದೊಯ್ದು ಕೂರಿಸಿದ. "ಊದಿಸಿ ನೋಡ್ತಾರಲ್ರಿ, ಆ ಮಷೀನಿನಾಗ ಮೂವತ್ತು ದಾಟಿದ್ರ ಕೇಸು. ಮೊದಲ ಸಲ ಆದ್ರ ಆರು ತಿಂಗಳ ತನಕ ಜೈಲು, ಇಲ್ಲಾ ಎರಡು ಸಾವಿರದ ತನಕ ಜುರ್ಮಾನಾ, ಇಲ್ಲಾ ಎರಡೂ. ಮೂರು ವರ್ಷದೊಳಗ ಮತ್ತ ಸಿಕ್ಕರ ಎರಡು ವರ್ಷದ ತನಕ ಹೋಗತೈತಿ. ಲೈಸೆನ್ಸೂ ಕೆಲವು ದಿನ ಕಸಗೋಬಹುದು." ಆರು ತಿಂಗಳು ಎಂಬುದನ್ನು ಕೇಳಿ ವೈಜನಾಥ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸತೊಡಗಿದ. ವಕೀಲ ಅದನ್ನು ನೋಡಿ ನಕ್ಕ. "ಅದು ಪುಸ್ತಕದಾಗಿನ ಮಾತ್ರಿ. ಮೊದಲ ಸಲದವರಿಗೆ ಸಾಹೇಬರು ದಂಡ ಹಾಕಿ, ಸಂಜೀಗೆ ಕೋರ್ಟು ಏಳೋ ತನಕ ಬೆಂಚಿನ ಮ್ಯಾಲ ಕೂಡಸ್ತಾರ. ಅದೂ ಶಿಕ್ಷಾನ. ಮನೀ ಮಂದಿ ಒಬ್ಬರು ಜೋಡಿ ಇರಬೇಕು ಅಂತಾರ ಇಲ್ಲಿ. ಮನಿಯವರ ಮುಂದ ಬೈದ್ರ ನಾಟತೈತಿ ನೋಡ್ರಿ." "ಇದು ಕ್ರಿಮಿನಲ್ ಕೇಸ್ ಅನಿಸ್ಕೋತೈತೇನು?" ಎಂದು ಕೇಳಿದ ವೈಜನಾಥ. "ಕ್ರಿಮಿನಲ್ಲೇ ಮತ್ತ. ಒಬ್ಬರ ಮ್ಯಾಲ ಹತ್ತಿಸಿದ್ದರ ಏನಾಗತಿತ್ತು?" ಎಂದು ಭೀಮಾಶಂಕರ ಹೇಳಿದಾಗ ಅವನಿಗೆ ಹುಡುಗನ ಬಗ್ಗೆ ಸಿಟ್ಟು ಬಂತು, ಮೊದಲ ಬಾರಿಗೆ ನಿಜವಾದ ಸಿಟ್ಟು. ಅಲ್ಲಿಯವರೆಗೆ ಬರೀ ಮರ್ಯಾದೆಯ ಲೆಕ್ಕದಲ್ಲೇ ಇದ್ದ. ಅದೂ ನಾಚಿಕೆಯ ಸಂಗತಿಯೇ ಅನ್ನಿಸಿತು.

ಹುಡುಗ ಹೆಣ್ಣು ನೋಡಲು ಬಂದ ದಿನ ತಾಯಿ ಉಮಾಬಾಯಿ ಜೊತೆಗಿದ್ದಳು. ಗಂಡ ತೀರಿದ ಮೇಲೆ ಶಾಲೆಯಲ್ಲಿ ಕಲಿಸುತ್ತ ಮಗನನ್ನು ಓದಿಸಿದವಳು. ಮಾತಿಗೆ ಮುಂಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ವೈಜನಾಥ ಗಂಟಲು ಸರಿಮಾಡಿಕೊಂಡು, ಎಲ್ಲ ಹೆಣ್ಣಿನ ತಂದೆಯರೂ ಕೇಳುವ ಪ್ರಶ್ನೆ ಕೇಳಿದ್ದ: "ಅಭ್ಯಾಸ ಏನರ ಅದಾವೇನಪ್ಪ?" ಹುಡುಗ ಬಾಯಿ ತೆರೆದಿದ್ದ. ಅಷ್ಟರಲ್ಲಿ ಉಮಾಬಾಯಿ, "ನಮ್ಮ ರಾಹುಲಗ ಚಹಾ ಬಿಟ್ಟರ ಏನೂ ಇಲ್ರಿ" ಎಂದಳು. ಹುಡುಗ ತಾಯಿಯನ್ನು ನೋಡಿದ, ತೆರೆದ ಬಾಯಿ ಮುಚ್ಚಿದ. ಅದನ್ನು ವೈಜನಾಥ ಕಂಡಿದ್ದ. ಕಾರ್ಖಾನೆಯಲ್ಲಾಗಿದ್ದರೆ ಅಷ್ಟು ಕಂಡದ್ದಕ್ಕೇ ಪಕ್ಕಕ್ಕೆ ತೆಗೆದಿಡುತ್ತಿದ್ದ. ಆದರೆ ಒಳಕೋಣೆಯ ಪರದೆಯ ಹಿಂದೆ ರಶ್ಮಿ ನಗುವುದು ಕೇಳಿಸಿತ್ತು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಅವನು ಅವಲಕ್ಕಿಯ ತಾಟನ್ನು ಹುಡುಗನ ಮುಂದೆ ಸರಿಸಿ, ತಗೋರಿ ತಗೋರಿ ಎಂದಿದ್ದ.

ಗುಮಾಸ್ತನ ಕೋಣೆಯಲ್ಲಿ ಫೈಲುಗಳು ಕಿಟಕಿಯ ಬೆಳಕನ್ನೇ ಮುಚ್ಚಿದ್ದವು. ಗುಮಾಸ್ತ ತೆಲುಗಿನವನು, ಹಲ್ಲುನೋವೋ ಏನೋ, ಒಂದು ಕೆನ್ನೆಗೆ ಕೈ ಹಚ್ಚಿಯೇ ಮಾತಾಡುತ್ತಿದ್ದ. ಕೇಸಿನ ನಂಬರು ಬೇಕು, ಯಾವ ವರ್ಷದ್ದೆಂದು ಹೇಳಬೇಕು, ನಕಲು ಬೇಕಾದರೆ ಅರ್ಜಿ ಕೊಟ್ಟು ಕಾಯಬೇಕು ಎಂದ. ವೈಜನಾಥನ ಹತ್ತಿರ ಇದ್ದದ್ದು ಹುಡುಗನ ಬಯೋಡೇಟಾ ಒಂದೇ. ಅದರಲ್ಲಿ ಹುಟ್ಟಿದ ನಕ್ಷತ್ರವಿತ್ತು, ಎತ್ತರವಿತ್ತು, ಬಣ್ಣ ಗೋಧಿ ಎಂದಿತ್ತು. ಅದನ್ನೇ ಬಿಡಿಸಿ ಮೇಜಿನ ಮೇಲಿಟ್ಟ. ಗುಮಾಸ್ತ ನಕ್ಷತ್ರದ ಮೇಲೆ ಕಣ್ಣಾಡಿಸಿ, ಕೆನ್ನೆಯ ಕೈ ತೆಗೆದು, "ನೀವು ಇವನಿಗೆ ಏನಾಗಬೇಕು?" ಎಂದು ಕೇಳಿದ. ಸಂಬಂಧವಿಲ್ಲದವರಿಗೆಲ್ಲ ಹೀಗೆ ತೆಗೆದು ತೋರಿಸಲಾಗದು ಎಂದೂ ಸೇರಿಸಿದ. ವೈಜನಾಥನನ್ನು ಐತವಾರದ ನಂತರ ಕೇಳಿದ್ದರೆ ಹೇಳಬಹುದಿತ್ತು. ಏನೂ ಆಗಬೇಕಿಲ್ಲ, ಹೆಣ್ಣಿನ ಕಡೆಯವನು, ಗುಟ್ಟಾಗಿ ನೋಡಲು ಬಂದಿದ್ದೇನೆ ಎಂದು ಕಂಡವರೆದುರು ಹೇಗೆ ಹೇಳುವುದು? "ರಿಶ್ತೇದಾರ್," ನೆಂಟ, ಎಂದುಬಿಟ್ಟ. ಗುಮಾಸ್ತನ ಮುಖ ಸಡಿಲವಾಯಿತು. ದೊಡ್ಡ ಪುಸ್ತಕದಲ್ಲಿ ಬೆರಳಾಡಿಸಿ, ಹಳೆಯದೇನೂ ಇಲ್ಲ, ಈ ವಾರ ಹಿಡಿದ ಇದೊಂದೇ, ಇದರ ವಿಚಾರಣೆ ಇವತ್ತೇ ಇದೆ ಎಂದ. "ಹಿರಿಯರು ಬಂದದ್ದು ಒಳ್ಳೆಯದಾಯಿತು. ಹೋಗಿ ಒಳಗೆ ಕೂತುಕೊಳ್ಳಿ, ಕರೆಯುತ್ತಾರೆ."

ಬೇಕಾದದ್ದು ಸಿಕ್ಕಿತ್ತು, ಈಗ ಮನೆಗೆ ಹೋಗಬಹುದಿತ್ತು. ಖರೇ, ಒಂದೇ ಸಲ, ಈ ವಾರದ್ದೇ ಎಂದು ಶಿವದೇವಿಗೆ ಹೇಳಿದರೆ ಸಾಕು. ಮುಂದಿನದನ್ನು ಅವಳೂ ಅವನೂ ಕೂಡಿ ನಿರ್ಧರಿಸುತ್ತಿದ್ದರು, ಸೋಮಣ್ಣನ ಮೂಲಕ ಒಂದು ಒಳ್ಳೆಯ ನೆಪ ಕಳಿಸುತ್ತಿದ್ದರು. ಜಾತಕ ಕೂಡಲಿಲ್ಲ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಆದರೂ ಕಾಲು ಒಳಗೆ ನಡೆಯಿತು. ಹುಡುಗ ಏನು ಹೇಳುತ್ತಾನೋ ಕೇಳಬೇಕೆಂಬ ಚಪಲ ಅದು, ಬೇರೆ ಏನೂ ಅಲ್ಲ. ಕೊನೆಯ ಬೆಂಚಿನ ಮೂಲೆಯಲ್ಲಿ, ಕಂಬದ ಮರೆಯಲ್ಲಿ ಕೂತು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುವವನಂತೆ ಅರ್ಧ ಮುಖ ಮುಚ್ಚಿಕೊಂಡ. ಮುಂದಿನ ಸಾಲುಗಳಲ್ಲಿ ಇಸ್ತ್ರಿ ಮಾಡಿದ ಅಂಗಿಯ ಹುಡುಗರೇ ತುಂಬಿದ್ದರು. ಕೆಲವರ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ನೆನಪಾದಾಗ ಅದನ್ನು ಅಂಗಿಯ ಒಳಗೆ ತುರುಕಿಕೊಳ್ಳುತ್ತಿದ್ದರು. ಒಬ್ಬೊಬ್ಬರ ಪಕ್ಕದಲ್ಲಿ ಒಬ್ಬ ತಾಯಿಯೋ ಅಣ್ಣನೋ ಹೆಂಡತಿಯೋ ಇದ್ದರು. ರಾಹುಲನ ಎರಡೂ ಪಕ್ಕದಲ್ಲಿ ಅವನವರು ಯಾರೂ ಇರಲಿಲ್ಲ. ಹಿಂದಿನಿಂದ ಅವನ ಕುತ್ತಿಗೆ ಬಹಳ ಎಳೆಯದಾಗಿ ಕಂಡಿತು. ವೈಜನಾಥ ನೋಟವನ್ನು ಫ್ಯಾನಿನ ಕಡೆ ತಿರುಗಿಸಿದ.

ಮ್ಯಾಜಿಸ್ಟ್ರೇಟ್ ಹೆಂಗಸು, ಸುಮಾರು ಶಿವದೇವಿಯ ವಯಸ್ಸಿನವಳು. ದನಿ ಏರಿಸದೆ ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಕುಡಿದಿದ್ದಿರೋ? ಒಬ್ಬ ಕೆಮ್ಮಿನ ಔಷಧಿ ಎಂದ. ಒಬ್ಬ ಗೆಳೆಯನ ಮದುವೆಯಲ್ಲಿ ಯಾರೋ ಶರಬತ್ತಿನಲ್ಲಿ ಬೆರೆಸಿದರು ಎಂದ. ಮತ್ತೊಬ್ಬ ತನ್ನ ತಾಯಿಯ ಆಣೆ ಮಾಡಲು ಹೋದಾಗ ಪಕ್ಕದಲ್ಲಿದ್ದ ತಾಯಿಯೇ ಅವನ ಕೈ ಹಿಡಿದು ಕೆಳಗಿಳಿಸಿದಳು. ಬೆಂಚುಗಳಲ್ಲಿ ಸಣ್ಣ ನಗೆ ಎದ್ದಿತು, ವೈಜನಾಥನೂ ನಕ್ಕ. ಮರುಗಳಿಗೆಯೇ ರಾಹುಲನ ಹೆಸರು ಕೂಗಿದರು. ಅವನು ಎದ್ದು ನಿಂತು, "ಕುಡಿದಿದ್ದೆ ಮೇಡಂ. ರೂಮು ಹತ್ತಿರವೇ ಇದೆ, ಏನಾಗುತ್ತದೆ ಎಂದು ಓಡಿಸಿದೆ. ತಪ್ಪು ನನ್ನದೇ," ಎಂದು ಹಿಂದಿಯಲ್ಲಿ ಹೇಳಿದ. ಅಷ್ಟೇ. ಆ ಮಾತಿನಲ್ಲಿ ಧೈರ್ಯವೇನೂ ಇರಲಿಲ್ಲ. ಅಂದು ಅವಲಕ್ಕಿಯ ಮುಂದೆ ಮುಚ್ಚಿದ ಬಾಯಿ ಇವತ್ತು ತೆರೆಯಿತಲ್ಲ ಎಂದು ವೈಜನಾಥನಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಕಿರಿಕಿರಿಯಾಯಿತು. ಆಕೆ ಕೇಳಿದಳು: "ಮನೆಯವರು ಯಾರು ಬಂದಿದ್ದಾರೆ?" ರಾಹುಲ ತಲೆ ತಗ್ಗಿಸಿದ. "ತಾಯಿ ಊರಲ್ಲಿದ್ದಾರೆ. ಅವರಿಗೆ ಗೊತ್ತಿಲ್ಲ."

"ನಾನು ಬಂದೀನಿ ಮೇಡಂ," ಎಂದು ಕಂಬದ ಆಚೆಯ ಬೆಂಚಿನಿಂದ ತೆಲುಗಿನಲ್ಲಿ ಒಂದು ದನಿ ಎದ್ದಿತು. ಆ ದನಿಯನ್ನು ವೈಜನಾಥ ಇಪ್ಪತ್ತೈದು ವರ್ಷದಿಂದ ಬಲ್ಲ. ಕಂಬದ ಈಚೆಗೆ ಬಗ್ಗಿ ನೋಡಿದರೆ ರಶ್ಮಿ. ಬೆಳಿಗ್ಗೆ ಬ್ಯಾಂಕಿಗೆ ಹೋಗುತ್ತೇನೆ ಎಂದು ಡಬ್ಬಿ ಕಟ್ಟಿಸಿಕೊಂಡು ಹೊರಟವಳು. ಡಬ್ಬಿಯ ಚೀಲ ಈಗಲೂ ಹೆಗಲಿನಲ್ಲಿತ್ತು. ಹಾಗಾದರೆ ಇವಳಿಗೆ ಮೊದಲೇ ಗೊತ್ತಿತ್ತು, ಆ ಹುಡುಗನೇ ಹೇಳಿರಬೇಕು. ಯಾವ ಸಂಗತಿಯನ್ನು ಕಾಗದದಲ್ಲಿ ಹುಡುಕಲು ತಾನು ಎರಡು ಬಸ್ಸು ಹತ್ತಿ ಬಂದನೋ, ಅದು ಬೆಳಿಗ್ಗೆ ಮನೆಯಲ್ಲೇ, ಎದುರು ಕೂತು ಉಪ್ಪಿಟ್ಟು ತಿನ್ನುತ್ತಿತ್ತು. ರಾಹುಲ ಬೆಚ್ಚಿ, ಬೇಡ ಎಂಬಂತೆ ತಲೆಯಾಡಿಸಿದ. ರಶ್ಮಿ ಕೂರಲಿಲ್ಲ. ಮ್ಯಾಜಿಸ್ಟ್ರೇಟ್ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಿರಿಯರು ಯಾರಾದರೂ ಇದ್ದಿದ್ದರೆ ಒಳ್ಳೆಯದಿತ್ತು ಎಂದಳು. ಆಗ ಪಕ್ಕದ ಬಾಗಿಲಲ್ಲಿ ನಿಂತಿದ್ದ ಗುಮಾಸ್ತ, ಉಪಕಾರ ಮಾಡುವ ಉತ್ಸಾಹದಲ್ಲಿ ಕೆನ್ನೆಯ ಕೈ ತೆಗೆದು, "ಇದ್ದಾರೆ ಮೇಡಂ, ಸಂಬಂಧಿಕರು. ಅಗೋ, ಆ ಕಂಬದ ಹಿಂದೆ ಇದ್ದಾರಲ್ಲ," ಎಂದು ಬೆರಳು ತೋರಿಸಿದ.

ಇಡೀ ಕೋರ್ಟು ತಿರುಗಿ ನೋಡಿತು. ರಾಹುಲ ನೋಡಿದ. ರಶ್ಮಿ ಎಲ್ಲರಿಗಿಂತ ನಿಧಾನವಾಗಿ ತಿರುಗಿದಳು. ಅವಳ ಮುಖದಲ್ಲಿ ಮೊದಲು ಹೆದರಿಕೆ, ಆಮೇಲೆ ಎಲ್ಲವೂ ಅರ್ಥವಾದವಳ ಒಂದು ದಣಿವು ಕಂಡಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ವೈಜನಾಥ ಎದ್ದು ನಿಂತ. ಕರ್ಚೀಫನ್ನು ಎಲ್ಲಿಡಬೇಕೋ ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡ. ಈ ಹುಡುಗ ನಿಮಗೆ ಏನಾಗಬೇಕು ಎಂದು ಮ್ಯಾಜಿಸ್ಟ್ರೇಟ್ ಕೇಳಿದಳು. ಗುಮಾಸ್ತನಿಗೆ ಹೇಳಿದ ಮಾತನ್ನೇ ಹೇಳಿದರೆ ಸಕ್ಕರೆ ಇಲ್ಲದೆ, ಶಿವದೇವಿ ಇಲ್ಲದೆ, ಇಲ್ಲಿಯೇ ಮದುವೆಯ ಮಾತು ಮುಗಿದಂತೆ. ಏನೂ ಅಲ್ಲ ಎಂದರೆ ಇಷ್ಟು ಜನರ ನಡುವೆ ಎದ್ದು ನಿಂತ ಮಗಳು ಒಬ್ಬಳೇ ನಿಂತಂತೆ. ಜೀವಮಾನವಿಡೀ ಪಾಸು ಇಲ್ಲವೇ ರಿಜೆಕ್ಟು ಎಂದು ಮುದ್ರೆ ಒತ್ತಿದವನಿಗೆ ಎರಡರಲ್ಲಿ ಒಂದನ್ನೂ ಒತ್ತುವ ಧೈರ್ಯ ಬರಲಿಲ್ಲ. "ನಾನು ಈ ಹುಡುಗೀ ಅಪ್ಪ," ಎಂದ, ಹಿಂದಿಯಲ್ಲಿ. "ಅವನು ಏನಾಗಬೇಕು ಅನ್ನೋದನ್ನ ಈಕೀನ ಕೇಳ್ರಿ."

ರಶ್ಮಿ ತಂದೆಯ ಕಡೆ ಒಂದು ಗಳಿಗೆ ನೋಡಿದಳು. ಆಮೇಲೆ ಮುಂದೆ ತಿರುಗಿ, "ಇವರನ್ನ ಮದುವೆ ಆಗಬೇಕಂತ ಮಾಡೀನಿ ಮೇಡಂ. ಕುಡಿದು ಓಡಿಸಿದ್ದು ತಪ್ಪು. ಶಿಕ್ಷೆ ಏನೈತೋ ಕೊಡ್ರಿ, ಕಡಿಮೆ ಮಾಡಬ್ಯಾಡ್ರಿ," ಎಂದಳು. ಈ ಸಲ ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟ್ ಏನೋ ಬರೆದಳು. ಎರಡು ಸಾವಿರ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು, ಕೋರ್ಟು ಏಳುವ ತನಕ ಒಳಗೇ ಕೂತಿರಬೇಕು. ಮುಂದಿನ ಹೆಸರು ಕೂಗಿದರು.

ದಂಡ ಕಟ್ಟಿಬಂದ ರಾಹುಲ ಗೋಡೆಯ ಪಕ್ಕದ ಬೆಂಚಿನಲ್ಲಿ ಶಿಕ್ಷೆಗೆ ಕೂತ. ರಶ್ಮಿ ಅವನ ಬಳಿ ಕೂತಳು, ನಡುವೆ ಡಬ್ಬಿಯ ಚೀಲ ಇಟ್ಟುಕೊಂಡು. ವೈಜನಾಥ ಕಂಬದ ಹಿಂದಿನಿಂದ ಬಂದು ಅವಳ ಈಚೆ ಕೂತ. "ಅಂಕಲ್, ಹೇಳಬೇಕಾಗಿತ್ತು ನಾ," ಎಂದು ರಾಹುಲ ತಗ್ಗಿದ ದನಿಯಲ್ಲಿ ಅಂದ, "ಆಕಿಗೆ ಪೊಲೀಸರು ಹಿಡಿದ ದಿನಾನ ಹೇಳಿದೆ. ನಿಮಗ ಹೇಳೂ ಧೈರ್ಯ ಆಗಲಿಲ್ರಿ." ವೈಜನಾಥ ಹೂಂ ಎಂದ. ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಯಾರ ಮೇಲೆ ಇಡಬೇಕೋ ಈಗ ಸ್ಪಷ್ಟವಿರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, ಸಮಾಧಾನ ಹೇಳುವಂತೆ, "ನಿನ್ನ ಸಲುವಾಗೇ ಬಂದೆನವ್ವ. ನೀಲಾಂದು ಹಂಗಾತು, ನಿಂದರ ನೆಟ್ಟಗ ನೋಡಿ ಕೊಡಬೇಕಂತ," ಎಂದ.

"ಗೊತ್ತೈತಪ್ಪ," ಎಂದಳು ರಶ್ಮಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕನ ಲಗ್ನಕ್ಕಿಂತ ಮೊದಲು ನೀ ಊರೆಲ್ಲಾ ಕೇಳಿದಿ. ಲಗ್ನ ಆದ ಮ್ಯಾಲ ಆಕೀನ ಒಮ್ಮೆ ಕೇಳೀಯೇನು?"

ಅವನು ಮಗಳ ಮುಖ ನೋಡಲಿಲ್ಲ. ಕೇಳಿಲ್ಲ. ಕೇಳಿದರೆ ಹೇಳಿಬಿಟ್ಟಾಳು, ಹೇಳಿದರೆ ತಾನು ಏನಾದರೂ ಮಾಡಬೇಕಾದೀತು ಎಂದೇ ಕೇಳಿಲ್ಲ. ಇಷ್ಟು ವರ್ಷ ಇದು ತನಗೆ ಗೊತ್ತಿಲ್ಲದ ಸಂಗತಿಯೇನೂ ಆಗಿರಲಿಲ್ಲ. ಎದ್ದು ಹೊರಗೆ ಬಂದ. ವರಾಂಡದಲ್ಲಿ ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು, ಬಿಸಿಲು ಮೆಟ್ಟಿಲಿನ ಅರ್ಧದವರೆಗೆ ಬಂದಿತ್ತು. ಈ ಹೊತ್ತಿಗೆ ಲಾತೂರಿನ ಆ ಮನುಷ್ಯ ಆಫೀಸಿನಲ್ಲಿರುತ್ತಾನೆ. ಜೇಬಿನಿಂದ ಫೋನು ತೆಗೆದು ನೀಲಾಳ ಹೆಸರು ಹುಡುಕಿದ. ಎರಡನೆಯ ಸದ್ದಿಗೇ ಎತ್ತಿದಳು. "ಅಪ್ಪಾ? ಏನಾತು? ಅವ್ವ ಆರಾಮದಾಳಿಲ್ಲ?"

"ಎಲ್ಲಾರೂ ಆರಾಮ. ನಿನ್ನ ಕೇಳೂಣಂತ ಮಾಡಿದೆ."

"ನನ್ನ ಏನು ಕೇಳೂದು?"

ಊರೆಲ್ಲವನ್ನೂ ಕೇಳಿದವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅಂವ ನಿನ್ನ ಹೆಂಗ ನಡಸಿಕೊಳ್ತಾನವ್ವ?" ಎಂದ.

ಆ ಕಡೆ ಕುಕ್ಕರು ಒಮ್ಮೆ ಕೂಗಿದ್ದು ಕೇಳಿಸಿತು, ಅವಳು ಒಲೆ ಆರಿಸಿದ್ದು ಕೇಳಿಸಿತು, ಕುರ್ಚಿಯೊಂದನ್ನು ಎಳೆದುಕೊಂಡದ್ದು ಕೇಳಿಸಿತು. ನೀಲಾ ಕೇಳಿದಳು: "ನಿನಗ ಎಷ್ಟು ಹೊತ್ತು ಪುರುಸೊತ್ತೈತಪ್ಪ?"

"ಸಂಜೀ ತನಕ ಐತವ್ವ, ಹೇಳು," ಎಂದು ಅವನು ಮೆಟ್ಟಿಲಿನ ಮೇಲೆ ಕೂತ.